ಖಾಲಿ ಗೋದಲಿಯ ಕರವಸ್ತ್ರ

ಡಿಸೆಂಬರ್ ಮೊದಲ ಭಾನುವಾರ, ಮಧ್ಯಾಹ್ನ ಹನ್ನೆರಡೂಕಾಲಿಗೆ ನೇಪಲ್ಸಿನ ಸಾನಿತಾ ಠಾಣೆಗೆ ದೂರು ಬಂತು. ಪಕ್ಕದ ಬೀದಿಯ ಮ್ಯೂಸಿಯಂನಲ್ಲಿ ಕಳವು. ಇನ್ಸ್‌ಪೆಕ್ಟರ್ ಸಾಬಾತೊ ಕಪೇಚೆ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಕಾನ್‌ಸ್ಟೇಬಲ್ ನುಂಜಿಯಾಳನ್ನು ಕರೆದುಕೊಂಡು ಹೊರಟ.

ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಮಕ್ಕಳು ಮರಿ ಸಮೇತ ಅರ್ಧ ಊರೇ ಅಲ್ಲಿ ನೆರೆದಿತ್ತು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ತೋರಿಸುವ ಹಳೆಯ ದೊಡ್ಡ ಗೋದಲಿಯಿಂದ ಬಾಲಯೇಸು ಕಾಣೆಯಾಗಿದ್ದ. ಹೆಬ್ಬೆರಳುದ್ದದ ಸುಟ್ಟಮಣ್ಣಿನ ಗೊಂಬೆ.

"ಎಫ್‌ಐಆರ್‌ನಲ್ಲಿ ಕಾವಲುಗಾರನ ಹೆಸರು ಬರ್ಕೊಳ್ಳಿ," ಎಂದಳು ನಿರ್ದೇಶಕಿ ಸ್ಕಾಲಾ. "ಪಕ್ಕದಲ್ಲೇ ನಿಂತಿದ್ದ. ಸಂಜೆಯೊಳಗೆ ಗೊಂಬೆ ಸಿಗದಿದ್ರೆ ನಾಳೆಯಿಂದ ಬರೋದು ಬೇಡ ಅಂದಿದ್ದೀನಿ."

ಕಾವಲುಗಾರ ರೊಸಾರಿಯೊ ಐವತ್ತು ದಾಟಿದ ಮನುಷ್ಯ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. "ಮಕ್ಕಳು ಹಗ್ಗದಡಿ ನುಸುಳ್ತಿದ್ವು, ಎಳೆದು ಎಳೆದು ಹೊರಗೆ ಬಿಡ್ತಿದ್ದೆ ಸಾಹೇಬ್ರೆ. ಈ ವಯಸ್ಸಲ್ಲಿ ನಂಗೆ ಬೇರೆ ಯಾರು ಕೆಲ್ಸ ಕೊಡ್ತಾರೆ?"

ಸ್ಥಳ ಮಹಜರು ನಡೆಯಿತು. ಕಾಣಿಕೆ ತಂದ ಮೂವರು ರಾಜರ ಗೊಂಬೆಗಳ ಕೈಯ ಬೆಳ್ಳಿ ಪೆಟ್ಟಿಗೆಗಳು ಇದ್ದಲ್ಲೇ ಇದ್ದವು. ಮಗು ಮಲಗಿದ್ದ ಜಾಗದಲ್ಲಿ ಹುಲ್ಲನ್ನು ಸವರಿ ಸಮ ಮಾಡಿ, ಮೇಲೆ ಬಿಳಿ ಕರವಸ್ತ್ರ ಹೊದಿಸಲಾಗಿತ್ತು.

"ನಮ್ಮಜ್ಜಿ ಹೀಗೇ ಮುಚ್ತಾಳೆ ಸಾರ್," ಎಂದಳು ನುಂಜಿಯಾ. "ಯೇಸು ಹುಟ್ಟೋದು ಇಪ್ಪತ್ನಾಲ್ಕರ ಮಧ್ಯರಾತ್ರಿ, ಅಲ್ಲೀವರೆಗೆ ಗೋದಲಿ ಖಾಲಿ. ಆಮೇಲೆ ಮನೆಯ ಚಿಕ್ಕವರು ಮಗೂನ ತಂದು ಮಲಗಿಸ್ಬೇಕು. ನಿಮ್ಮನೇಲಿ ಇಲ್ವಾ?"

"ಇದೆ. ಇಲ್ಲಿ ಯಾಕಿಲ್ಲ?"

"ವರ್ಷಪೂರ್ತಿ ಪ್ರವಾಸಿಗರು ಬರ್ತಾರೆ. ಫೋಟೊ ತಗೋಬೇಕಲ್ಲ?" ಎಂದಳು ನಿರ್ದೇಶಕಿ.

ಕಪೇಚೆ ರೊಸಾರಿಯೊ ಕಡೆ ತಿರುಗಿದ. "ಈ ವಿಷಯಕ್ಕೆ ಯಾರಾದ್ರೂ ಜಗಳ ತೆಗೆದ್ರಾ?"

"ಒಬ್ಳು ಅಜ್ಜಿ. ಹುಟ್ಟದೇ ಇರೋ ಮಗೂನ ಮಲಗಿಸಿದ್ದೀಯಲ್ಲ, ನಾಚ್ಕೆ ಆಗಲ್ವಾ ಅಂದ್ಳು. ನಾನು ನಕ್ಕುಬಿಟ್ಟೆ."

"ಜೊತೆಗೆ ಯಾರಿದ್ರು?"

"ಮಗ, ಬಸುರಿ ಸೊಸೆ. ಸೊಸೆಗೆ ಕರಿದ ಪಿಜ್ಜಾ ಬೇಕಂತೆ. ಬೆಳಗಿಂದ ಮನೇಲಿ ಮಾಂಸದ ಸಾರು ಕುದೀತಿದೆ, ಬೀದೀಲಿ ತಿಂತೀಯಾ ಅಂತ ಅತ್ತೆ. ಬಯಕೆ ಕಣಮ್ಮ, ಇಲ್ಲ ಅನ್ಬಾರ್ದು ಅಂತ ಮಗ."

ಆ ಬೀದಿಯಲ್ಲಿ ಪಿಜ್ಜಾ ಕರಿಯುವವಳು ದೋನ್ನ ತಿತೀನಾ ಒಬ್ಬಳೇ. ಕಪೇಚೆ ಬಾಣಲೆಯ ಹತ್ತಿರ ಹೋದ.

"ಸಾಲಲ್ಲಿ ಬನ್ನಿ."

"ಪೊಲೀಸ್."

"ಪೊಲೀಸರಿಗೆ ಹಸಿವು ಬೇರೇನಾ? ನನ್ನಂಗಡೀಲಿ ಬಸುರಿಗೆ ಮಾತ್ರ ಸಾಲಿಲ್ಲ."

"ಆ ಬಸುರಿಯನ್ನೇ ಹುಡುಕ್ತಿರೋದು."

"ಎರ್ಸಿಲಿಯಾಳ ಸೊಸೆ ಇಮ್ಮಾನಾ? ಎರಡು ತಿಂದ್ಲು, ಕಣ್ಣು ಬೀಳದಿರ್ಲಿ. ಅತ್ತೆ ಮಾತ್ರ ಒಂದು ತುತ್ತೂ ಮುಟ್ಲಿಲ್ಲ. ಬಲಗೈನ ಕೋಟಿನ ಜೇಬಿಂದ ಆಚೆ ತೆಗೀಲೇ ಇಲ್ಲ ಮಾರಾಯ್ರೆ." ಎದುರಿನ ಮೂರನೇ ಮಹಡಿಯತ್ತ ಜಾಲರಿ ಸೌಟು ತೋರಿಸಿದಳು. ಹೊರಡುವಾಗ ನುಂಜಿಯಾಳ ಕೈಗೆ ಬಿಸಿ ಪೊಟ್ಟಣವೊಂದು ಬಂದಿತ್ತು.

ಒಂದೂಮುಕ್ಕಾಲಿಗೆ ಮಗ ಅನಿಯೆಲ್ಲೊ ಬಾಗಿಲು ತೆರೆದ. "ಅಮ್ಮಾ, ಪೊಲೀಸ್!"

"ಊಟದ ಹೊತ್ತಿಗೆ ಯಾರು ಬಂದ್ರೇನು, ಇನ್ನೆರಡು ತಟ್ಟೆ ಹಾಕು."

ಕಪೇಚೆ ಕರವಸ್ತ್ರವನ್ನು ಮೇಜಿನ ಮೇಲಿಟ್ಟ. "ಇದು ನಿಮ್ದಾ ಅಜ್ಜಿ?"

"ನಂದೇ. ಒಗೆದದ್ದು."

"ಮಗು ಎಲ್ಲಿ?"

"ಇನ್ನೂ ಹುಟ್ಟಿಲ್ಲ."

"ಕಾವಲುಗಾರನ ಕೆಲ್ಸ ಹೋಗುತ್ತೆ. ಸಂಜೆವರೆಗೆ ಗಡುವು."

ಎರ್ಸಿಲಿಯಾಳ ಸೌಟು ನಿಂತಿತು. "ಆ ಹಲ್ಲು ಕಿಸಿದವನದಾ? ಅವನಿಗೆ ಒಂದೇಟು ಸಾಕಿತ್ತು. ಅವನ ಅನ್ನ ಕಸಿಯೋ ಪಾಪ ನಂಗೆ ಬೇಡಪ್ಪ."

ಕೆಳಮನೆಯ ಇಬ್ಬರು ಪಂಚರ ಮುಂದೆ ಪಂಚನಾಮೆ ಆಯಿತು. ಅಜ್ಜಿಯೇ ತೋರಿಸಿದ ಕಪಾಟಿನ ಮೇಲಿನ ಖಾನೆಯಲ್ಲಿ ಎಳೆಮಗುವಿನ ಉಣ್ಣೆ ಕಾಲುಚೀಲ, ಅದರೊಳಗೆ ಗೊಂಬೆ, ಮುಕ್ಕಾಗಿಲ್ಲ. ಕಾಲುಚೀಲ ಒಂದೇ ಇತ್ತು. ಇನ್ನೊಂದನ್ನು ಹೆರಿಗೆಯಾದ ಮೇಲೆ ಹೆಣೆಯುತ್ತಾಳಂತೆ.

ಎರಡೂವರೆಗೆ ಎರ್ಸಿಲಿಯಾಳನ್ನು ವಶಕ್ಕೆ ತೆಗೆದುಕೊಂಡರು. ಆಕೆ ಭಾನುವಾರದ ಕೋಟು ತೊಟ್ಟು, ಉರಿ ಸಣ್ಣಗಿಡುವಂತೆ ಸೊಸೆಗೆ ಹೇಳಿ ಮುಂದೆ ನಡೆದಳು. ಮೆಟ್ಟಿಲಲ್ಲಿ ಅನಿಯೆಲ್ಲೊ ದನಿ ತಗ್ಗಿಸಿದ.

"ಹೋದ ವರ್ಷ ಇಮ್ಮಾಗೆ ಏಳು ತಿಂಗಳಿಗೇ ಹೆರಿಗೆ ಆಯ್ತು ಸಾರ್. ಮಗು ಎರಡು ದಿನ ಇತ್ತು. ಇವತ್ತು ಗೋದಲಿ ಮುಂದೆ ಹೊಟ್ಟೆ ಮೇಲೆ ಕೈಯಿಟ್ಟು ನಿಂತವಳು ಬಿಳಚಿಕೊಂಡ್ಲು. ನಾನು ಗಮನಿಸ್ಲಿಲ್ಲ. ಅಮ್ಮ ನೋಡಿದ್ಳು. ಹುಟ್ಟೋ ಮುಂಚೆ ಬೇಡ ಅಂತ ನಮ್ಮನೇಲಿ ಇನ್ನೂ ತೊಟ್ಟಿಲು ತರೋಕೆ ಬಿಟ್ಟಿಲ್ಲ ಅಮ್ಮ."

ಠಾಣೆಯಲ್ಲಿ ಹೇಳಿಕೆಗೆ ಸಹಿ ಹಾಕಿಸಿ, ನಾಲ್ಕೂವರೆಗೆ ಅಜ್ಜಿಯನ್ನು ಮನೆಗೆ ಕಳಿಸಿದರು. ಕಪೇಚೆ ಎಫ್‌ಐಆರ್‌ನಲ್ಲಿ ಕಾವಲುಗಾರನನ್ನು ಸಾಕ್ಷಿಯೆಂದು ಬರೆದ. ನಿರ್ದೇಶಕಿ ಗೊಂಬೆ ಕೇಳಿಕೊಂಡು ಬಂದಳು.

"ಸದ್ಯಕ್ಕೆ ಕೊಡೋಕಾಗಲ್ಲ ಮೇಡಂ. ವಶಪಡಿಸಿಕೊಂಡ ಮಾಲು. ಕಾನೂನು ಕ್ರಮ ಮುಗೀಬೇಕು."

"ಎಷ್ಟು ದಿನ?"

"ಇಪ್ಪತ್ನಾಲ್ಕರ ಸಂಜೆ ಕಳಿಸ್ತೀನಿ."

ನುಂಜಿಯಾಳಿಗೆ ಕೆಮ್ಮು ಬಂತು. ನಿರ್ದೇಶಕಿ ಅವಳನ್ನೊಮ್ಮೆ, ಕಪೇಚೆಯನ್ನೊಮ್ಮೆ ನೋಡಿ ಹೊರಟುಹೋದಳು.

ಮರುದಿನ ರೊಸಾರಿಯೊ ಟೋಪಿ ಧರಿಸಿ ತನ್ನ ಜಾಗದಲ್ಲಿ ನಿಂತಿದ್ದ. ಗೋದಲಿಯ ಹುಲ್ಲಿನ ಮೇಲೆ ಎರ್ಸಿಲಿಯಾ ಕಳಿಸಿದ ಇನ್ನೊಂದು ಕರವಸ್ತ್ರವಿತ್ತು. ಕ್ಯಾಮೆರಾ ಹಿಡಿದ ಪ್ರವಾಸಿಯೊಬ್ಬ ಮಗು ಎಲ್ಲಿ ಎಂದು ಕೇಳಿದ.

ರೊಸಾರಿಯೊ ಈ ಸಲ ನಗಲಿಲ್ಲ. "ದಿನ ತುಂಬಿಲ್ಲ ಸ್ವಾಮಿ," ಎಂದ.