ನಕ್ಕು ಕೊಟ್ಟ ಅಳತೆ

"ಸೇತುವೆಗೆ ಹೊಸ ಕೀಲುಗಲ್ಲು ಕೂರಿಸೋ ತನಕ ಯಾರಿಗೂ ಮೈ ಅಳತೆ ಕೊಡಬೇಡಿ," ಎಂದರು ಹಳೆಯ ಎಂಜಿನಿಯರು, ಆಫೀಸಿನ ಬೀಗದ ಕೈಯನ್ನು ಮೇಜಿನ ಮೇಲಿಡುತ್ತಾ. ಅವರು ಅಂದೇ ಕೆಲಸ ಬಿಟ್ಟು ಹೊರಟಿದ್ದರು.

ಅವರ ಜಾಗಕ್ಕೆ ಬಂದ ಹೊಸ ಎಂಜಿನಿಯರು ಬಾಯಿಯವರೆಗೆ ಬಂದಿದ್ದ ಟೀ ಲೋಟವನ್ನು ನಗು ತಡೆಯಲಾರದೆ ಕೆಳಗಿಟ್ಟ. "ದರ್ಜಿಗೂ ಕೊಡಬಾರದಾ ಸಾರ್? ಇಡೀ ಸೇತುವೆ ಅಳೆಯೋಕೆ ಬಂದಿರೋನು ನಾನು."

"ದರ್ಜಿ ಅಳೆದ್ರೆ ಏನೂ ಆಗಲ್ಲ. ನಿಮ್ಮವರೇ ದಾರ ಹಿಡಿದು ಅಳೀಬೇಕು. ನೀವು ನಗ್ತಾ ಕೊಟ್ಟಿರಬೇಕು. ಆ ದಾರಾನ ಕೀಲುಗಲ್ಲಿನ ಸಂದಿಗೆ ಹಾಕಿ ಸುಣ್ಣ ಮೆತ್ತುತಾರೆ. ಸುಣ್ಣ ಗಟ್ಟಿಯಾಗೋ ಹೊತ್ತಿಗೆ ಸೇತುವೆ ಉಳಿದಿರುತ್ತೆ, ಮನುಷ್ಯ ಇರಲ್ಲ. ನನಗೆ ಈ ಊರಲ್ಲಿ ನನ್ನವರು ಅಂತ ಯಾರೂ ಇರಲಿಲ್ಲ, ಬಚಾವಾದೆ. ನಿಮಗಿದ್ದಾರಾ?"

"ಅಕ್ಕ ಇದ್ದಾಳೆ ಸಾರ್. ಮೇಸ್ತ್ರಿ ನಮ್ಮ ಭಾವಾನೇ."

ಆ ಮನುಷ್ಯ ಅವನ ಮುಖವನ್ನು ಒಂದು ಕ್ಷಣ ನೋಡಿದರು. ಕೊಡೆ ತೆಗೆದುಕೊಂಡು ಹೊರಟರು, ಅವರ ಟೀ ಹಾಗೇ ಉಳಿದಿತ್ತು.

ಸೇತುವೆ ನಿಜಕ್ಕೂ ಕಣ್ಣು ತುಂಬುವಂಥದ್ದು. ಮೂರು ಕಮಾನು, ಪ್ರವಾಹ ಸೀಳಲೆಂದು ದೋಣಿಯ ಮೂತಿಯಂತೆ ಚೂಪು ಮಾಡಿದ ಕಂಬಗಳು, ಕೈಯಲ್ಲೇ ಕೆತ್ತಿ ಕೂರಿಸಿದ ಕರಿಕಲ್ಲು. ನಡುವಿನ ಕಮಾನು ಕಟ್ಟುವಾಗಲೇ ಎರಡು ಸಲ ಕುಸಿದು ಆಳುಗಳನ್ನು ನುಂಗಿತ್ತಂತೆ. ಮೂರನೆಯ ಸಲ ನಿಂತಿತು. ಹೇಗೆ ನಿಂತಿತು ಎಂದು ಕೇಳಿದರೆ ಊರಿನವರು ಮಾತು ಬದಲಿಸುತ್ತಿದ್ದರು. ಅಂದಿನಿಂದ ತಲೆಮಾರಿಗೊಮ್ಮೆ ಕಮಾನಿನ ನೆತ್ತಿಯ ಕೀಲುಗಲ್ಲು ಬಿರಿಯುತ್ತದೆ. ಬೇರೆಲ್ಲ ಕಲ್ಲುಗಳು ಒಂದಕ್ಕೊಂದು ಒರಗಿ ನಿಲ್ಲುವುದು ಅದೊಂದರ ಬಲದಿಂದ. ಅದನ್ನು ಬದಲಿಸಬೇಕೆಂದರೆ ಕಮಾನಿನ ಕೆಳಗೆ ಮರದ ಆಸರೆ ಕೊಡಬೇಕು, ಹಳೆಯದನ್ನು ತೆಗೆದು ಹೊಸದನ್ನು ಸುಣ್ಣದ ಗಾರೆಯಲ್ಲಿ ಕೂರಿಸಬೇಕು, ಆಮೇಲೆ ಆಸರೆಯ ಬೆಣೆಗಳನ್ನು ಒಂದೊಂದಾಗಿ ಬಡಿದು ಕಳಚಬೇಕು. ಈ ಸಲದ ಕೆಲಸ ಹಿಡಿದಿದ್ದವನು ಹೊಸ ಎಂಜಿನಿಯರನ ಭಾವ.

ಅವನು ಇಳಿದುಕೊಂಡಿದ್ದೂ ಅಕ್ಕನ ಮನೆಯಲ್ಲೇ. ತಾಯಿ ತೀರಿಕೊಂಡ ಮೇಲೆ ಅವನ ಮೂಗು ಒರೆಸಿ, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡು ಸಾಕಿದವಳು ಆಕೆ. ಅವನ ಪಾಲಿಗೆ ದೇವರಿಗಿಂತ ಒಂದು ಕೈ ಮೇಲು. ಹಳೆಯ ಎಂಜಿನಿಯರರ ಎಚ್ಚರಿಕೆಯನ್ನು ಊಟಕ್ಕೆ ಕೂತಾಗ ಅವರ ದನಿಯಲ್ಲೇ ಅಣಕಿಸಿ ಹೇಳಿದ. ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಕ್ಕ ನಕ್ಕಳು, ಆದರೆ ಸ್ವಲ್ಪ ತಡವಾಗಿ.

ಮರುದಿನ ಬೆಳಿಗ್ಗೆ ಅವಳು ಹಸಿರು ಉಲ್ಲನ್ ಉಂಡೆ ಹಿಡಿದು ಬಂದಳು. ಹಸಿರಿನ ಜೊತೆ ಒಂದು ಬಿಳಿ ಎಳೆಯನ್ನೂ ಸೇರಿಸಿದ್ದಳು. "ನೆಟ್ಟಗೆ ನಿಂತ್ಕೋ ಮರಿ. ನದಿ ಗಾಳಿ ಕೆಟ್ಟದ್ದು, ಉದ್ದ ಕೋಟು ಹೆಣೀತೀನಿ."

"ಭಾವನ ಕೈಗೆ ಕೊಟ್ಟುಬಿಟ್ಟೀಯ ಮತ್ತೆ!" ಎಂದು ಅವನೇ ಚೇಷ್ಟೆ ಮಾಡಿದ. ಹಿಮ್ಮಡಿಯಿಂದ ನೆತ್ತಿಯವರೆಗೆ ಅವಳು ದಾರ ಎಳೆದಾಗ ಕಸುಬಿನವನ ಬುದ್ಧಿ ಸುಮ್ಮನಿರಬೇಕಲ್ಲ. "ಅಷ್ಟು ಬಿಗಿ ಎಳೀಬೇಡ ಅಕ್ಕ, ಉಲ್ಲನ್ ಹಿಗ್ಗುತ್ತೆ, ಅಳತೆ ತಪ್ಪುತ್ತೆ. ಸಡಿಲ ಬಿಡು. ಹಾಂ, ಈಗ ಸರಿ."

ಅವಳು ಪಕ್ಕೆಗೆ ಬೆರಳು ಹಾಕಿ ಕಚಗುಳಿಯಿಟ್ಟಳು. ಚಿಕ್ಕಂದಿನಿಂದಲೂ ಅವನಿಗೆ ಅಲ್ಲಿ ತಡೆಯಲಾಗದು. ಅವನು ಗಹಗಹಿಸಿ ನಕ್ಕ. ಅವಳು ಅಲ್ಲೇ ದಾರವನ್ನು ಹಲ್ಲಿನಿಂದ ಕಡಿದಳು.

ಕೀಲುಗಲ್ಲು ಕೂತ ಮಧ್ಯಾಹ್ನ ಭಾವ ಹೇಳಿದ, "ಊಟ ಮಾಡ್ಕೊಂಡು ಬಾ, ಬೆಣೆ ಆಮೇಲೆ ಬಿಚ್ಚೋಣ." ಅವನು ಮನೆ ಕಡೆ ಹೊರಟವನು ಅರ್ಧ ದಾರಿಯಲ್ಲಿ ಹಿಂತಿರುಗಿದ. ಸಂದುಗಳಲ್ಲಿ ಗಾರೆ ಪೂರ್ತಿ ತುಂಬಿದೆಯೋ ಇಲ್ಲವೋ ಎಂದು ಕಣ್ಣಾರೆ ನೋಡದೆ ಬೆಣೆ ಮುಟ್ಟಲು ಬಿಡುವವನಲ್ಲ ಅವನು. ಭಾರ ಕಡಿಮೆಯಾಗಲೆಂದು ಹಿಂದಿನವರು ರಸ್ತೆಯ ಕೆಳಗೆ, ಕಮಾನಿನ ಬೆನ್ನ ಮೇಲೆ, ಒಂದು ಟೊಳ್ಳು ಬಿಟ್ಟಿದ್ದರು. ಕಂಬದ ಮಗ್ಗುಲಿನ ಕಿಂಡಿಯಿಂದ ಅದರೊಳಗೆ ತೆವಳಬಹುದಿತ್ತು. ಟಾರ್ಚ್ ಹಿಡಿದು ನುಗ್ಗಿದ.

ಒಳಗೆ ಹಸಿ ಸುಣ್ಣದ ಘಾಟು, ಬಾವಲಿ ಹಿಕ್ಕೆಯ ನಾತ, ಅದರಡಿಯಲ್ಲಿ ಹಳೆಯ ಹಾಸಿಗೆಯಂಥ ಇನ್ನೊಂದು ವಾಸನೆ, ಮನುಷ್ಯರದು. ನದಿಯ ಸದ್ದು ಕಲ್ಲಿನೊಳಗಿಂದಲೇ ಬರುತ್ತಿತ್ತು. ಮೊಣಕಾಲೂರಿ ಮುಂದೆ ಸರಿದಂತೆ ಮುಖಕ್ಕೆ ಏನೋ ಸವರಿತು. ಜೇಡರ ಬಲೆ ಎಂದುಕೊಂಡು ಒರೆಸಿಕೊಂಡ. ಬಲೆಯಲ್ಲ, ದಾರ. ಟಾರ್ಚ್ ಎತ್ತಿದ. ಕಿತ್ತು ಮೂಲೆಗೆ ಸರಿಸಿದ್ದ ಹಳೆಯ ಕೀಲುಗಲ್ಲುಗಳು ಸಾಲಾಗಿ ಬಿದ್ದಿದ್ದವು. ಒಂದೊಂದಕ್ಕೂ ಗಾರೆ ಕಚ್ಚಿದ ದಾರ ಜೋತಿತ್ತು. ಒಂದು ನಾರಿನದು. ಒಂದು ಹತ್ತಿಯದು. ಒಂದು ತೀರಾ ಗಿಡ್ಡದ್ದು. ಮಗುವಿನ ಎತ್ತರದಷ್ಟೇ ಇದ್ದ ಅದರ ಮೇಲಿಂದ ಅವನು ಟಾರ್ಚನ್ನು ಬೇಗ ಸರಿಸಿದ.

ಹೊಸ ಕಲ್ಲಿನ ಸಂದಿನಲ್ಲಿ ಹಸಿರು ತುದಿ. ಹಸಿರಿನ ಜೊತೆ ಒಂದು ಬಿಳಿ ಎಳೆ.

ಬೇರೆ ಯಾರದೋ ಇರಬಹುದು ಎಂದು ಮನಸ್ಸು ಒಂದು ಕ್ಷಣ ಬೇಡಿಕೊಂಡಿತು. ಆಗ ಕೆಳಗೆ ಸುತ್ತಿಗೆಯ ಸದ್ದು. ಟಕ್. ಬೆಣೆ ಕಳಚುತ್ತಿದ್ದರು. ಅವನು ಊಟಕ್ಕೆ ಹೋಗಿದ್ದಾನೆಂದೇ ಕಳಚುತ್ತಿದ್ದರು.

ಟಕ್. ಕಲ್ಲು ನರಳಿತು. ಅವನ ಎದೆ ಬಿಗಿಯಿತು. ದಾರ ಹಿಡಿದು ಎಳೆದ. ಬರಲಿಲ್ಲ. ಟಕ್. ಪಾದ ಜುಮ್ಮೆಂದಿತು. ಉಗುರಿನಿಂದ ಗಾರೆ ಕೆರೆದ. ಸುಣ್ಣ ಸುಟ್ಟಿತು. ರಕ್ತ ಬಂತು. ಮತ್ತೆ ಎಳೆದ. ಸ್ವಲ್ಪ ಬಂತು. ಇನ್ನೂ ಬಂತು. ಟಕ್. ಕಮಾನು ಕುಳಿತಿತು. ಕಲ್ಲು ಕಲ್ಲನ್ನು ಕಚ್ಚಿತು. ಟಾರ್ಚ್ ಆರಿತು. ಕತ್ತಲಲ್ಲಿ ಯಾರೋ ನಕ್ಕರು. ಅದು ಅವನದೇ ನಗು, ಆ ಬೆಳಗಿನದು. ಅವನು ಇದ್ದಬದ್ದ ಬಲವೆಲ್ಲ ಹಾಕಿ ಜಗ್ಗಿದ. ದಾರ ತುಂಡಾಯಿತು.

ತೆವಳಿ ಹೊರಗೆ ಬಿದ್ದ. ಬಿಸಿಲು ಕಣ್ಣು ಚುಚ್ಚಿತು. ಏಳಲು ನೋಡಿದ, ಕಾಲು ಏಳಲಿಲ್ಲ. ಕಿಂಡಿಯ ಬಳಿ ಭಾವ ಸುತ್ತಿಗೆ ಹಿಡಿದು ನಿಂತಿದ್ದ, ಪಕ್ಕದಲ್ಲಿ ಊಟದ ಡಬ್ಬಿ ಹಿಡಿದ ಅಕ್ಕ.

"ನೀನಾ?" ಎಂದ ಅವಳಿಗೆ. ಭಾವನ ಕಡೆ ನೋಡಲೂ ಇಲ್ಲ. "ನೀನಾ ಅಕ್ಕ?"

ಅವಳು ಸುಳ್ಳು ಹೇಳಲಿಲ್ಲ. "ಬೇರೆಯವರ ಅಳತೆ ಸಿಗದಿದ್ರೆ ಕೆಲಸ ಹಿಡಿದ ಮೇಸ್ತ್ರಿ ಜೀವಾನೇ ಹೋಗುತ್ತೆ ಮರಿ. ಅವರಿಲ್ದೆ ನಾನು ಹೇಗೆ ಇರಲಿ?"

"ನಾನಿಲ್ದೆ?"

ಅವಳು ಡಬ್ಬಿಯ ಹಿಡಿಯನ್ನು ತಿರುಗಿಸುತ್ತಾ ನಿಂತಳು. ಕಲ್ಲಿನಿಂದ ಕುಟ್ಟಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಮುಷ್ಟಿ ಬಿಚ್ಚಿ ನೋಡಿಕೊಂಡ. ಹೆಚ್ಚುಕಡಿಮೆ ಪೂರ್ತಿ ದಾರ ಕೈಯಲ್ಲಿತ್ತು. ಒಂದು ಗೇಣಷ್ಟು ಮಾತ್ರ ಕಲ್ಲಿನೊಳಗೇ ಉಳಿದಿತ್ತು.

ಆ ಗೇಣು ಹಿಮ್ಮಡಿಯ ಕಡೆಯದು. ಪಾದ ಮೊದಲು ಮರಗಟ್ಟಿತು, ಆಮೇಲೆ ಕಣಕಾಲು. ಅಕ್ಕನೇ ಮನೆಗೆ ಸಾಗಿಸಿ ಮಲಗಿಸಿದಳು. ಡಾಕ್ಟರು ಬಂದರು, ಸೂಜಿ ಚುಚ್ಚಿದರು, ನರದ ತೊಂದರೆ ಎಂದರು. ಚರ್ಮದಿಂದ ಹಸಿ ಸುಣ್ಣದ ವಾಸನೆ ಬರುತ್ತಿತ್ತು, ಅದರ ಬಗ್ಗೆ ಏನೂ ಹೇಳಲಿಲ್ಲ. ತನ್ನನ್ನು ಇಲ್ಲಿಂದ ಕರೆದುಕೊಂಡು ಹೋಗಿ ಎಂದು ಅವನು ಅವರ ಕೈ ಹಿಡಿದು ಗೋಗರೆದ. ಅವರು ಅಕ್ಕನ ಅತ್ತು ಕೆಂಪಾದ ಕಣ್ಣು ನೋಡಿದರು. "ಇಷ್ಟು ಚೆನ್ನಾಗಿ ಯಾರಪ್ಪಾ ನೋಡ್ಕೋತಾರೆ? ಪುಣ್ಯ ಮಾಡಿದ್ದೀರಿ," ಎಂದು ಬೆನ್ನು ತಟ್ಟಿ ಹೋದರು.

ಕಿಟಕಿಯಿಂದ ಸೇತುವೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ನಡುವಿನ ಕಮಾನಿನ ಕೆಳಗೆ ಮತ್ತೆ ಮರದ ಆಸರೆ ಎದ್ದಿತ್ತು. ಹೊಸ ಕಲ್ಲೂ ಬಿರಿದಿತ್ತು. ಒಂದು ಗೇಣು ಅದಕ್ಕೆ ಸಾಕಾಗಿರಲಿಲ್ಲ.

ಅಕ್ಕ ಒಳಗೆ ಬಂದಳು. ಹೊದಿಕೆ ಸರಿಪಡಿಸಿದಳು, ದಿಂಬು ಎತ್ತರಿಸಿದಳು, ಹಣೆಯ ಕೂದಲು ಹಿಂದಕ್ಕೆ ಸರಿಸಿದಳು. ಸೊಂಟದ ಸೆರಗಿನಿಂದ ಹಸಿರು ಉಂಡೆ ತೆಗೆದಳು.

"ಬೇಡ ಅಕ್ಕ. ನಾನು ನಗಲ್ಲ. ಸತ್ತರೂ ನಗಲ್ಲ."

"ಸುಮ್ನಿರು ಮರಿ." ಅವಳ ಕಣ್ಣೀರು ಅವನ ಕೆನ್ನೆಯ ಮೇಲೆ ಬಿತ್ತು. ಮಂಚದ ತುದಿಯಲ್ಲಿ, ಕಲ್ಲಾಗಿದ್ದ ಹಿಮ್ಮಡಿಗೆ ದಾರದ ತುದಿ ಕಟ್ಟಿದಳು. ನೆತ್ತಿಯವರೆಗೆ ತಂದಳು. ಬಿಗಿ ಎಳೆಯಲಿಲ್ಲ, ಅವನು ಕಲಿಸಿದಂತೆ ಸಡಿಲವಾಗಿ ಹಿಡಿದಳು. ಇನ್ನೊಂದು ಕೈ ಹೊದಿಕೆಯೊಳಗೆ ನುಸುಳಿತು. ಮೆಲ್ಲಗೆ ಪಕ್ಕೆ ಹುಡುಕಿತು.

ಅವನು ತುಟಿ ಕಚ್ಚಿದ. ಉಸಿರು ಹಿಡಿದ. ತಾಯಿಯ ಸಾವನ್ನು ನೆನೆದ.

ಅವಳಿಗೆ ಆ ಜಾಗ ಚೆನ್ನಾಗಿ ಗೊತ್ತಿತ್ತು. ಅವನು ನಕ್ಕ.