ಗುಬ್ಬಿಗೆ ಏಳು ದಿನ

ನನ್ನ ನಾಲ್ಕು ಬೆರಳು ಮೇಜಿನ ಡ್ರಾಯರಿನೊಳಗಿದ್ದವು. ಗೂಳಿ ಎಂಬ ಅಡ್ಡಹೆಸರಿನ ರೌಡಿಯ ಮೊಣಕಾಲು ಡ್ರಾಯರಿನ ಮೇಲಿತ್ತು.

"ಪತ್ರಿಕೆ ಎಲ್ಲಿ ಅಕ್ಕ?"

"ಯಾವ ಪತ್ರಿಕೆ?"

ಮೊಣಕಾಲು ಇನ್ನೊಂದಿಷ್ಟು ಒತ್ತಿತು. ಕಿರುಬೆರಳಿನಲ್ಲಿ ಏನೋ ಲಟಕ್ ಎಂದಿತು.

ಕಣ್ಣಿಗೆ ಕತ್ತಲೆ ಬಂತು.

ಅವನು ಕೇಳುತ್ತಿದ್ದುದು ಒಂಬತ್ತು ವರ್ಷ ಹಳೆಯ ಕಂಪ್ಯೂಟರ್ ಮಾಸಪತ್ರಿಕೆ. ಅವನು ಬಾಗಿಲು ಒದೆಯುವ ಮೊದಲೇ ಅದನ್ನು ಬೆನ್ನ ಹಿಂದೆ, ಅಂಗಿಯೊಳಗೆ ಸಿಕ್ಕಿಸಿಕೊಂಡಿದ್ದೆ. ಕೈ ಹೊರಗೆ ತೆಗೆಯುವಷ್ಟು ಪುರಸೊತ್ತು ಸಿಕ್ಕಿರಲಿಲ್ಲ, ಅಷ್ಟೆ.

ಅದು ಕಂಪ್ಯೂಟರ್ ರಿಪೇರಿ ಅಂಗಡಿ. ಮೇಜಿನ ಮೇಲೆ ಬೆಸುಗೆ ಹಾಕುವ ಕಡ್ಡಿ ಕಾದು ಕುಳಿತಿತ್ತು. ನನ್ನ ಎಡಗೈಗೆ ಕೆಲಸವಿರಲಿಲ್ಲ.

ಕಡ್ಡಿಯನ್ನು ಅವನ ತೊಡೆಗೆ ಊರಿದೆ.

ಅವನ ಅರಚಾಟ ಮುಗಿಯುವುದರೊಳಗೆ ಹಿಂಬಾಗಿಲು ದಾಟಿ, ಮೂರು ಓಣಿ ಓಡಿ, ಹೊರಟಿದ್ದ ಬಸ್ಸೊಂದನ್ನು ಹತ್ತಿದ್ದೆ.

ಒಂದು ಹಳೇ ಪತ್ರಿಕೆಗೆ ಇಷ್ಟೆಲ್ಲ ಏಕೆ ಎನ್ನುತ್ತೀರಿ... ಹೇಳುತ್ತೇನೆ.

ಆನ್‌ಲೈನ್ ವಿಶ್ವಕೋಶದಲ್ಲಿ ಪುಟ ಏರಿಸುವುದು, ಬೀಳುವ ಪುಟ ಉಳಿಸುವುದು, ಉಳಿದದ್ದನ್ನು ಬೀಳಿಸುವುದು. ಇದೇ ನನ್ನ ಕಸುಬು. ಇದಕ್ಕೆ ಬೋರ್ಡು ಹಾಕುವ ಪದ್ಧತಿಯಿಲ್ಲ.

ಆ ಅಂಗಡಿಯ ಮೆಕ್ಯಾನಿಕ್ ಹನ್ನೆರಡು ವರ್ಷ ಕೂತು ಒಂದು ಆಪರೇಟಿಂಗ್ ಸಿಸ್ಟಮ್ ಕಟ್ಟಿದ್ದ. ಹೆಸರು ಗುಬ್ಬಿ. ಹೆಸರಿಗೆ ತಕ್ಕ ಹಾಗೆ ಹಗುರ. ಗುಜರಿಗೆ ಹಾಕಬೇಕಾದ ಕಂಪ್ಯೂಟರ್ ಕೂಡ ಗುಬ್ಬಿ ಹೊಕ್ಕರೆ ಎದ್ದು ಓಡುತ್ತಿತ್ತು. ಓಪನ್ ಸೋರ್ಸ್ ಬೇರೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಮಾಡಿದವನ ಹೆಸರು ಅಳಿಸಬಾರದು.

ಅವನ ಷಡ್ಡಕ ತೆಗೆದುಕೊಂಡ. ಹೆಸರನ್ನೂ ಅಳಿಸಿದ.

ಈಗ ಅದನ್ನೇ ತನ್ನದೆಂದು ಆಸ್ಪತ್ರೆಗಳಿಗೆ ಮಾರಲು ಹೊರಟಿದ್ದ. ಮೆಕ್ಯಾನಿಕ್ ತನ್ನ ವೆಬ್‌ಸೈಟಿನಲ್ಲಿ ಏನೇ ಬರೆದುಕೊಂಡರೂ ಆಸ್ಪತ್ರೆಯವರು ತೆರೆದು ನೋಡುವುದು ವಿಶ್ವಕೋಶವನ್ನೇ. ಅಲ್ಲಿ ಗುಬ್ಬಿಯ ಪುಟವಿತ್ತು. ಪುಟದಲ್ಲಿ ಮೆಕ್ಯಾನಿಕ್‌ನ ಹೆಸರಿತ್ತು.

ಅದಕ್ಕೇ ಷಡ್ಡಕ ಅದರ ಮೇಲೆ ಅಳಿಸುವ ಚೀಟಿ ಅಂಟಿಸಿದ. ಈ ಗುಬ್ಬಿ ಯಾರಿಗೆ ಗೊತ್ತು, ಇದಕ್ಕೊಂದು ಪುಟ ಯಾಕೆ ಎಂದು ಕೇಳಿದ.

ಚೀಟಿ ಬಿದ್ದರೆ ಏಳು ದಿನ ವಾದ. ಪುಟ ಉಳಿಯಬೇಕಾದರೆ ಸಂಬಂಧವಿಲ್ಲದ ಇಬ್ಬರು ಹೊರಗಿನವರು ಗುಬ್ಬಿಯ ಬಗ್ಗೆ ವಿವರವಾಗಿ ಬರೆದಿರಬೇಕು. ಅಚ್ಚಾಗಿರಬೇಕು. ಕೈ ಎತ್ತಿದವರ ತಲೆ ಎಣಿಸುವುದಿಲ್ಲ.

ಮೆಕ್ಯಾನಿಕ್‌ಗೆ ಅದೇ ತಿಳಿಯಲಿಲ್ಲ. ತನ್ನ ಹದಿನಾಲ್ಕು ಗಿರಾಕಿಗಳನ್ನು ಹಿಡಿದು ತಂದು, ಒಂದೇ ದಿನ ಖಾತೆ ತೆರೆಸಿ, "ಗುಬ್ಬಿ ಇರಲಿ" ಎಂದು ಬರೆಸಿದ. ಆಮೇಲೆ ನನ್ನ ಹತ್ತಿರ ಬಂದ.

"ಜನಬಲ ತೋರಿಸಿದೀನಿ ಕಣಕ್ಕ."

"ನಿನ್ನ ತಲೆಯಲ್ಲಿ ಏನೂ ಇಲ್ಲ ಅಂತ ತೋರಿಸಿದೀಯ."

ವಿಶ್ವಕೋಶದಲ್ಲಿ ತೀರ್ಪು ಕೊಡುವವರೊಬ್ಬರು ಇದ್ದರು. ಮುಖ ಕಂಡವರಿಲ್ಲ. ಬರೆಯುವ ಧಾಟಿ ನೋಡಿ ನಾನು ಮೇಷ್ಟ್ರು ಎನ್ನುತ್ತಿದ್ದೆ. ಹದಿನಾಲ್ಕನ್ನೂ ಒಂದೇ ಗೆರೆಯಲ್ಲಿ ಹೊಡೆದು ಹಾಕಿದ್ದರು.

ಉಳಿದಿದ್ದುದು ಆ ಹಳೇ ಪತ್ರಿಕೆಯಲ್ಲಿ ಬಂದಿದ್ದ ಗುಬ್ಬಿಯ ವಿಮರ್ಶೆ. ಅದನ್ನು ಕಸಿಯಲೆಂದೇ ಷಡ್ಡಕ ಗೂಳಿಯನ್ನು ಅಂಗಡಿಗೆ ಕಳಿಸಿದ್ದ. ಬಸ್ಸಿನಲ್ಲೇ ಕೂತು, ಊದಿದ ಬೆರಳಿನಲ್ಲಿ ಅದರ ವಿವರ ಕಳಿಸಿದೆ. ಅವತ್ತು ಆರನೆಯ ದಿನ.

ಮೇಷ್ಟ್ರು ಉತ್ತರಿಸಿದರು: "ಒಂದು ಸರಿಯಾಗಿದೆ. ಎರಡನೆಯದು? ನಾಳೆ ಮಧ್ಯಾಹ್ನ ಮೂರಕ್ಕೆ ಮುಗಿಸುತ್ತೇನೆ."

ಎರಡನೆಯದು ಇರಲಿಲ್ಲ.

ಪರಿಚಯದ ವರದಿಗಾರನನ್ನು ಅವನ ಕ್ಯಾಂಟೀನಿನಲ್ಲೇ ಹಿಡಿದೆ.

"ಕಂಪ್ಯೂಟರ್ ಸುದ್ದಿಗೆ ಜಾಗ ಇಲ್ಲಕ್ಕ."

"ಹನ್ನೆರಡು ವರ್ಷದ ಕೆಲಸ ಕಣೋ."

"ನಾನೂ ಹನ್ನೆರಡು ವರ್ಷದಿಂದ ದುಡೀತಿದೀನಿ. ನನ್ನ ಬಗ್ಗೆ ಯಾರು ಬರೆದ್ರು?" ಅವನು ಟೀ ಹೀರಿದ. "ರಕ್ತಗಿಕ್ತ ಏನಾದ್ರೂ ಇದ್ರೆ ಹೇಳಿ. ಅರ್ಧ ಪುಟ ಕೊಡಿಸ್ತೀನಿ."

ನಾನು ನನ್ನ ಟೀ ಮುಗಿಸಿದೆ. ನಿಧಾನವಾಗಿ.

ಆಮೇಲೆ ಷಡ್ಡಕನ ಆಫೀಸಿನ ವಿಳಾಸ ಬರೆದುಕೊಟ್ಟೆ.

"ಇವತ್ತೇ ನಾಲ್ಕು ಗಂಟೆಗೆ ಇದರ ಎದುರು ನಿಂತಿರು. ಕ್ಯಾಮೆರಾ ಇರಲಿ. ಗುಬ್ಬಿ ಕತೆ ಪೂರ್ತಿ ಬರೀಬೇಕು."

"ಏನಾಗುತ್ತೆ ಅಲ್ಲಿ?"

"ನೀನು ಕೇಳಿದ್ದು."

ಹೊರಗೆ ಬಂದು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ನಾಲ್ಕಕ್ಕೆ ಷಡ್ಡಕನ ಆಫೀಸಿಗೆ ಹೋಗು. ಗುಬ್ಬಿ ಮಾಡಿದ್ದು ಯಾರು ಅಂತ ಎಲ್ಲರ ಮುಂದೆ ಕೇಳು."

"ಗೂಳಿ ಇರ್ತಾನಲ್ಲಕ್ಕ..."

"ಅವನ ತೊಡೆ ಸುಟ್ಟಿದೆ. ಮನೆಯಲ್ಲಿ ಬಿದ್ದಿರ್ತಾನೆ."

ಸುಳ್ಳು. ಕ್ಯಾಂಟೀನಿಗೆ ಆ ದಾರಿಯಲ್ಲೇ ಇನ್ನೊಂದು ಬಸ್ಸಿನಲ್ಲಿ ಬಂದಿದ್ದೆ. ಗೂಳಿ ಆಫೀಸಿನ ಮೆಟ್ಟಿಲ ತುದಿಯಲ್ಲಿ ಒಂಟಿ ಕಾಲಿಗೆ ಭಾರ ಹಾಕಿ ನಿಂತಿದ್ದ. ಯಾರಾದರೂ ಕೈಗೆ ಸಿಗಲಿ ಎಂದು ಕಾಯುವವನ ಮುಖ.

ಮೆಕ್ಯಾನಿಕ್ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ಮದುವೆಗೆ ಬಂದವನ ಹಾಗೆ. ನಾನು ಎದುರಿನ ಔಷಧಿ ಅಂಗಡಿಯಲ್ಲಿ ನಿಂತು ಬೆರಳಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತಿದ್ದೆ.

"ಭಾವ, ಗುಬ್ಬಿ ಮಾಡಿದ್ದು ಯಾರು?" ಎಂದು ಕೇಳಿದ. ಬೀದಿಗೆಲ್ಲ ಕೇಳಿಸಿತು.

ಷಡ್ಡಕ ಬಾಗಿಲಿಗೆ ಬಂದ. ನಕ್ಕ.

ಮೆಕ್ಯಾನಿಕ್ ಮೆಟ್ಟಿಲು ಹತ್ತಿ ಇನ್ನೊಮ್ಮೆ ಕೇಳಿದ.

ಷಡ್ಡಕ ಗೂಳಿಯ ಕಡೆ ನೋಡಿ ಗದ್ದ ಎತ್ತಿದ. ಅಷ್ಟೆ.

ಮೆಕ್ಯಾನಿಕ್ ಉರುಳಿದ್ದು ಹದಿನೆಂಟು ಮೆಟ್ಟಿಲು. ಎಣಿಸಿದೆ. ಎಣಿಸುವಷ್ಟು ಸಮಯವಿತ್ತು.

ವರದಿಗಾರ ಒಳ್ಳೆಯ ಫೋಟೋ ತೆಗೆದ.

ಮರುದಿನ ಎಲ್ಲ ಪತ್ರಿಕೆಗಳಲ್ಲೂ ಬಂತು. ಷಡ್ಡಕನನ್ನೂ ಗೂಳಿಯನ್ನೂ ಪೊಲೀಸರು ಒಯ್ದಿದ್ದರು. ನಾನು ಆಸ್ಪತ್ರೆಯ ವಾರ್ಡಿನಲ್ಲಿ ಕೂತಿದ್ದೆ. ಮೆಕ್ಯಾನಿಕ್‌ನ ತಲೆಗೆ ಪಟ್ಟಿ. ಜೀವಕ್ಕೆ ಭಯವಿಲ್ಲ, ಇನ್ನು ಓದುವುದು ಬರೆಯುವುದು ಆಗಲಿಕ್ಕಿಲ್ಲ ಎಂದು ಡಾಕ್ಟರ್ ಹೇಳಿ ಹೋಗಿದ್ದರು.

"ಇವರನ್ನ ಅಲ್ಲಿಗೆ ಯಾರಕ್ಕ ಕಳಿಸಿದ್ದು?" ಅವನ ಹೆಂಡತಿ ಕೇಳಿದಳು.

"ಸಿಟ್ಟು ತಡೀಲಾರದೆ ಅವನೇ ಹೋಗಿದಾನೆ."

"ಇವರಿಗೆ ಸಿಟ್ಟು ಬಂದದ್ದನ್ನ ಹದಿನಾರು ವರ್ಷದಲ್ಲಿ ನಾನು ನೋಡಿಲ್ಲ."

ನಾನು ಗಡಿಯಾರ ನೋಡಿದೆ. ಮೂರು.

ಮೇಷ್ಟ್ರ ತೀರ್ಪು ಫೋನಿನಲ್ಲಿ ಬಂತು. ಪತ್ರಿಕೆಗಳು ಬರೆದಿರುವುದು ಷಡ್ಡಕನ ಕಂಪನಿ ಮತ್ತು ಹಲ್ಲೆಯ ಬಗ್ಗೆ. ಗುಬ್ಬಿಯ ಬಗ್ಗೆ ಎರಡೇ ಸಾಲು. ಆದ್ದರಿಂದ ಕಂಪನಿಗೆ ಹೊಸ ಪುಟ. ಗುಬ್ಬಿಗೆ ಪ್ರತ್ಯೇಕ ಪುಟ ಬೇಡ, ಅದನ್ನು ಅಲ್ಲೇ ಎರಡು ಸಾಲಿನಲ್ಲಿ ಸೇರಿಸುವುದು. ಗುಬ್ಬಿಯನ್ನು ಮಾಡಿದ್ದು ಯಾರು ಎಂಬುದು ವಿವಾದದಲ್ಲಿದೆ.

ಮೆಕ್ಯಾನಿಕ್ ಕಣ್ಣು ಬಿಟ್ಟ. ತುಟಿ ಅಲುಗಿತು.

"ಅಕ್ಕ... ನನ್ನ ಹೆಸರು... ಇದೆಯಾ?"

"ಇದೆ" ಎಂದೆ.

ಸುಳ್ಳಲ್ಲ, ಷಡ್ಡಕನ ಕಂಪನಿಯ ಪುಟದಲ್ಲಿ ಇತ್ತು. ಗಾಯಾಳು ಎಂದು ಬರೆದಿತ್ತು. ಪಕ್ಕದಲ್ಲಿ ಆಧಾರವನ್ನೂ ಕೊಟ್ಟಿದ್ದರು; ತಕರಾರು ತೆಗೆಯುವ ಹಾಗಿರಲಿಲ್ಲ.