ಹದಿಮೂರನೇ ಬಾತ್‌ರೂಮು

ಮೊದಲ ದಿನವೇ ನಾನು ಅವನ ಜೊತೆ ಜಗಳವಾಡಿದ್ದೆ.

ದೇವನಹಳ್ಳಿ ಹತ್ತಿರ, ಕಬ್ಬಿಣದ ಚೌಕಟ್ಟಿಗೆ ಹಲಗೆ ಕೂರಿಸಿ ಕಟ್ಟುವ ರೆಡಿಮೇಡ್ ಮನೆಗಳ ಸೈಟು ಅದು. ಶವರ್ ಗೋಡೆಗೆ ಟೈಲ್ಸ್ ಅಂಟಿಸುವ ಮೊದಲು ಸಿಮೆಂಟ್ ಬೋರ್ಡ್ ಇಟ್ಟು ಸ್ಕ್ರೂ ಬಿಗಿಯುವುದು ನಂದೀಶನ ಕೆಲಸ. ತಟ್ಟಿ ನೋಡಿ, ಸರಿಯಿದ್ದರೆ ಟ್ಯಾಬ್‌ನಲ್ಲಿ ಹಸಿರು, ತಪ್ಪಿದ್ದರೆ ಕೆಂಪು ಒತ್ತುವುದು ನನ್ನ ಕೆಲಸ.

"ಬೋರ್ಡು ನೆಲಕ್ಕೆ ತಾಗಿದೆ. ಬಿಚ್ಚಿ," ಎಂದೆ.

"ಏನ್ ಮೇಡಂ, ಅರ್ಧ ಬೆರಳು ಜಾಗಕ್ಕೆ ಇಷ್ಟೊಂದು ಸಿಟ್ಟಾ?"

"ನೆಲದ ನೀರೆಲ್ಲಾ ಕುಡಿದ್ಬಿಡುತ್ತೆ ಕಣ್ರೀ. ತಾಗಬಾರ್ದು."

"ಹತ್ರ ಇರ್ಬೇಕು, ತಾಗಬಾರ್ದು. ಸರಿ, ಅರ್ಥ ಆಯ್ತು ಬಿಡಿ," ಎಂದು ಓರೆಗಣ್ಣಲ್ಲಿ ನೋಡಿ ನಕ್ಕ. ಅವನ ರೆಪ್ಪೆಯ ಮೇಲೂ ಸಿಮೆಂಟಿನ ಧೂಳಿತ್ತು. ನಾನು ಕೆಂಪು ಒತ್ತಿ ಹೊರಟೆ.

ಮಾರನೆಯ ದಿನ ಇನ್ನೊಂದು ಮನೆ. ಮೇಲಿನ ಮೂಲೆಯಲ್ಲಿ ಒಂದೇ ಒಂದು ಸ್ಕ್ರೂ ಸಡಿಲ. ಕೆಂಪು ಒತ್ತಿದರೆ ಕೆಲಸ ಮಾಡಿದವನೇ ಬಂದು ನನ್ನೆದುರು ಸರಿಮಾಡಬೇಕು, ಅದು ರೂಲ್ಸು. ಬಂದ. ಅರ್ಧ ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ನಿಂತ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಬಿಟ್ಟದ್ದು, ಅವನ ಅವ್ವ ಮಾಡುವ ಹುರುಳಿಕಾಳಿನ ಬಸ್ಸಾರು, ಎಲ್ಲ ಹೇಳಿದ.

ಮೂರನೆಯದರಲ್ಲೂ ಅದೇ ಮೂಲೆ, ಒಂದೇ ಸ್ಕ್ರೂ.

"ಬೇಕೂಂತಾನೇ ಬಿಡ್ತೀರಾ?"

"ನೀವೂ ಬೇಕೂಂತಾನೇ ಹುಡುಕ್ತೀರಲ್ಲಾ."

ನನ್ನ ಬ್ಯಾಗಿನಲ್ಲೇ ಸ್ಕ್ರೂಡ್ರೈವರ್ ಇತ್ತು. ಒಂದು ದಿನವೂ ತೆಗೆಯಲಿಲ್ಲ. ಬೆಳಿಗ್ಗೆ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಕೂತರೆ ಆ ಮೂಲೆಯದೇ ಧ್ಯಾನ. ಪ್ರೀತಿ ಎಂದು ಇಬ್ಬರೂ ಬಾಯಿಬಿಟ್ಟಿರಲಿಲ್ಲ. ಆದರೆ ಪ್ರೀತಿಯೇ, ನನಗೇನೂ ಅನುಮಾನವಿರಲಿಲ್ಲ.

ಶುಕ್ರವಾರ, ಹನ್ನೆರಡನೆಯ ಬಾತ್‌ರೂಮಿನಲ್ಲಿ ಅವನು ನಗಲಿಲ್ಲ. "ನಾಳೆ ಹದಿಮೂರನೇದ್ರಲ್ಲಿ ಸಡಿಲ ಬಿಡಲ್ಲ. ನೆಪ ಸಾಕು. ನಿಮ್ಮನ್ನ ಒಂದು ಮಾತು ಕೇಳೋದಿದೆ."

"ಈಗಲೇ ಕೇಳಿ."

"ಊಹೂಂ. ಮೊದ್ಲು ಹಸಿರು ಒತ್ತಿ, ಆಮೇಲೆ ಕೇಳ್ತೀನಿ."

ಆ ರಾತ್ರಿ ನಾನು ಉತ್ತರವನ್ನೇ ಅಭ್ಯಾಸ ಮಾಡುತ್ತಾ ಮಲಗಿದೆ. ನನ್ನ ಕೆಂಪನ್ನು ಇನ್ನೊಬ್ಬರೂ ನೋಡುತ್ತಿದ್ದಾರೆಂಬ ಬುದ್ಧಿ ಬೇಡವೇ?

ಶನಿವಾರ ಮಧ್ಯಾಹ್ನ ಇಂಜಿನಿಯರ್ ಚಿನ್ನಸ್ವಾಮಿ ಇಬ್ಬರನ್ನೂ ಶೆಡ್ಡಿಗೆ ಕರೆದರು. "ಹನ್ನೆರಡಕ್ಕೆ ಹನ್ನೆರಡೂ ಫೇಲು! ಸೋಮವಾರದಿಂದ ಬರ್ಬೇಡ ಕಣಪ್ಪಾ. ಬೇರೆ ಸೈಟಿನವರಿಗೂ ಹೇಳ್ಬಿಡ್ತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಪ್ರಮೋದಾ, ಇವನ ಕೆಲಸ ಅಷ್ಟು ಕೆಟ್ಟದಾ?"

ಇಲ್ಲ ಸಾರ್, ಈ ಸೈಟಿನಲ್ಲೇ ಇವರಷ್ಟು ನೀಟಾಗಿ ಮಾಡುವವರಿಲ್ಲ, ಅದು ನಮ್ಮಿಬ್ಬರ ಆಟ. ಇಷ್ಟು ಹೇಳಿದ್ದರೆ ಸಾಕಿತ್ತು. ನಂದೀಶನೂ ಹೇಳಬಹುದಿತ್ತು. ನನ್ನ ಹೆಸರು ಕೆಡಬಾರದೆಂದು ಬಾಯಿ ಕಟ್ಟಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ತಿಂಗಳ ಕೊನೆಗೆ ನನ್ನ ಕೆಲಸ ಪರ್ಮನೆಂಟ್ ಆಗುವುದಿತ್ತು.

"ಟ್ಯಾಬಲ್ಲಿ ಇರೋದೇ ಸಾರ್," ಎಂದೆ.

ಆಟ ಇಬ್ಬರದು, ಬರೆ ಒಬ್ಬನಿಗೆ.

ಗೇಟಿನ ತನಕ ಅವನ ಹಿಂದೆ ಓಡಿದೆ. "ನಂದೀಶ್, ನಾನು ಸಾರ್ ಹತ್ರ ಹೋಗಿ..."

"ಅಲ್ಲೇ ನಿಂತಿದ್ರಲ್ಲಾ ಮೇಡಂ, ಆಗ್ಲೇ ಹೇಳ್ಬೋದಿತ್ತು." ಡ್ರಿಲ್ಲಿನ ಚೀಲವನ್ನು ಬೈಕಿಗೆ ಕಟ್ಟಿದ. "ಬೆಳಿಗ್ಗೆ ಹದಿಮೂರನೇದು ಮುಗಿಸಿದೀನಿ. ಚೆಕ್ ಮಾಡ್ಕೊಳ್ಳಿ."

ಹೆಲ್ಮೆಟ್ ಹಾಕಿಕೊಂಡ. ಒಮ್ಮೆಯೂ ತಿರುಗಿ ನೋಡಲಿಲ್ಲ.

ನಾನು ಹದಿಮೂರನೆಯ ಬಾತ್‌ರೂಮಿಗೆ ಹೋದೆ. ಬೋರ್ಡಿಗೂ ನೆಲಕ್ಕೂ ನಡುವೆ ಅರ್ಧ ಬೆರಳು ಜಾಗ, ಗೆರೆ ಎಳೆದಂತೆ. ಒಂದೊಂದೇ ಸ್ಕ್ರೂ ತಟ್ಟುತ್ತಾ ಬಂದೆ. ಮೇಲಿನ ಮೂಲೆಯದನ್ನು ಕೊನೆಗೆ ಉಳಿಸಿಕೊಂಡೆ. ಅದೊಂದಾದರೂ ಸಡಿಲ ಇರಲಿ, ಅವನನ್ನು ಕರೆಸಲೇಬೇಕಾಗುತ್ತದೆ ಎಂದು ದೇವರನ್ನು ಬೇಡಿಕೊಂಡೆ.

ತಟ್ಟಿದೆ. ಮತ್ತೆ ತಟ್ಟಿದೆ. ಬಿಗಿಯಾಗಿತ್ತು.

ಹಸಿರು ಒತ್ತಿದೆ. ಕೇಳುವವನು ಇರಲಿಲ್ಲ.